ತಂತಿ ಕಟ್ಟದ ಯೋಕ್ ಉಸ್ತಾ

ಹಮ್ದಮ್ ಉಸ್ತಾ ಸೈಕಲ್ ತುಳಿಯುತ್ತ ಬಂದರೆ ನಮ್ಮ ಮೊಹಲ್ಲಾದ ಜನ ಒಬ್ಬರನ್ನೊಬ್ಬರು ತಿವಿದು ನಗುತ್ತಾರೆ. ಅದನ್ನು ಕಂಡರೆ ನನಗೀಗ ಮೈಯೆಲ್ಲ ಉರಿಯುತ್ತದೆ. ಉರಿದುಕೊಳ್ಳಲು ನಿನಗೇನು ಹಕ್ಕು ಎಂದು ಯಾರಾದರೂ ಕೇಳಿದರೆ ಕೇಳಿದ್ದು ನ್ಯಾಯವೇ. ಈ ಕೋಕಂದ್ ಊರಿನಲ್ಲಿ ಅವರನ್ನು ನನ್ನಷ್ಟು ಬೈದವರು, ನನ್ನಷ್ಟು ಶಪಿಸಿದವರು ಬೇರೆ ಯಾರೂ ಇಲ್ಲ. ನನ್ನ ಹೆಸರು ಇನೊಬತ್. ಅರವತ್ತೆರಡು ವರ್ಷ. ಮೂವತ್ತು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ಹೆಂಗಸರ ಮೇಲೆ ಗದರಿ ಕೆಲಸ ತೆಗೆದವಳು. ಬಾಯಿ ಜೋರು ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಮುಂದೆ ನಿಂತು ಆಡುವ ಧೈರ್ಯ ಯಾರಿಗೂ ಇಲ್ಲ.

ಉಸ್ತಾ ಎಂದರೆ ಮೇಸ್ತ್ರಿ. ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರ್‌ಗಳನ್ನು ರಿಪೇರಿ ಮಾಡುವುದು ಅವರ ಕಸುಬು. ವಯಸ್ಸು ಐವತ್ತೆಂಟು. ಯಾವುದೋ ಬಾಯ್ಲರ್ ಮುಖಕ್ಕೆ ಉಗುಳಿದ ಬೆಂಕಿಯಲ್ಲಿ ಎಡಹುಬ್ಬು ಅರ್ಧ ಸುಟ್ಟಿದೆ, ಮತ್ತೆ ಬೆಳೆಯಲೇ ಇಲ್ಲ. ಇಪ್ಪತ್ತೆರಡು ವರ್ಷ ಗ್ಯಾಸ್ ಕಚೇರಿಯಲ್ಲಿದ್ದು, ಯಾರೊಂದಿಗೋ ಜಗಳವಾಡಿ ಬಿಟ್ಟುಬಂದವರು. ಕ್ಯಾನ್ವಾಸ್ ಚೀಲದಲ್ಲಿ ಪಾನಾ, ಉಪ್ಪುಕಾಗದ, ಬೆಂಕಿಪೊಟ್ಟಣ, ಹೆಂಗಸರು ಕಾಡಿಗೆ ಹಚ್ಚಲು ಇಟ್ಟುಕೊಳ್ಳುವಂಥ ಒಂದು ಪುಟ್ಟ ಕನ್ನಡಿ, ಕೀ ಕೊಡುವ ಒಂದು ಗಡಿಯಾರ. ರಿಪೇರಿ ಮುಗಿದ ಮೇಲೆ ಆ ಗಡಿಯಾರವನ್ನು ಬಾಯ್ಲರ್ ತಲೆಯ ಮೇಲಿಟ್ಟು, ಒಳಗಿನ ಕಿರುದೀಪ ಅರ್ಧ ಗಂಟೆ ಆರದೆ ಉರಿಯುವ ತನಕ ಎದುರಿಗೆ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಅಲ್ಲಿಯವರೆಗೆ ಚಹಾ ಕೊಟ್ಟರೂ ಮುಟ್ಟುವುದಿಲ್ಲ. ಚಹಾ ಮುಟ್ಟದವನನ್ನು ನಮ್ಮ ಕಡೆ ಯಾರು ಮನುಷ್ಯ ಎನ್ನುತ್ತಾರೆ?

ಅವರ ಅಡ್ಡಹೆಸರು ಯೋಕ್ ಉಸ್ತಾ. ಇಲ್ಲ, ಆಗಲ್ಲ, ಮಾಡಲ್ಲ, ಎಲ್ಲಕ್ಕೂ ನಮ್ಮಲ್ಲಿ ಯೋಕ್ ಎಂಬ ಒಂದೇ ಮಾತು. ಬಾಯ್ಲರ್ ಪದೇ ಪದೇ ಆರಿದರೆ ಜನ ಬೇರೆ ಮೇಸ್ತ್ರಿಗಳಿಂದ ಅದಕ್ಕೊಂದು ತಂತಿ ಕಟ್ಟಿಸಿಬಿಡುತ್ತಾರೆ. ಬಾಯ್ಲರಿನ ನೆತ್ತಿಯ ಮೇಲೆ ಗುಂಡಿಯಷ್ಟು ಸಣ್ಣ ಒಂದು ಬಿಲ್ಲೆ ಇರುತ್ತದೆ, ಎರಡು ವಯರು ಸಿಕ್ಕಿಸಿರುತ್ತಾರೆ. ಹೊಗೆ ಮೇಲೆ ಹೋಗದೆ ವಾಪಸು ಬಂದರೆ ಬಿಲ್ಲೆ ಕಾದು ಗ್ಯಾಸ್ ನಿಲ್ಲಿಸುತ್ತದೆ. ಆ ಎರಡು ವಯರನ್ನು ಬಿಲ್ಲೆಯಿಂದ ಕಿತ್ತು ತಾಮ್ರದ ತುಂಡಿನಿಂದ ಒಂದಕ್ಕೊಂದು ಕಟ್ಟಿದರೆ ಮುಗಿಯಿತು, ದೀಪ ಆರುವ ಮಾತೇ ಇಲ್ಲ. ಮೊಹಲ್ಲಾದ ಅರ್ಧ ಮನೆಗಳಲ್ಲಿ ಹಾಗೇ ಇತ್ತು. ಹಮ್ದಮ್ ಉಸ್ತಾನನ್ನು ಕೇಳಿದರೆ ಮಾತ್ರ ಯೋಕ್. ಅವರ ಮಗಳೊಬ್ಬಳು ಹೀಗೇ ಬಾಯ್ಲರಿನ ವಿಷಗಾಳಿಗೆ ಸತ್ತಳಂತೆ, ಅಂದಿನಿಂದ ತಲೆ ಕೆಟ್ಟಿದೆಯಂತೆ ಎಂದು ಜನ ಕತೆ ಕಟ್ಟಿದ್ದರು. ನಾನೂ ಅದನ್ನು ನಾಲ್ಕು ಜನಕ್ಕೆ ಹೇಳಿದ್ದೆ.

ಇನ್ನು ನನ್ನ ಮನೆಯ ಸಂಗತಿ. ಮಗ ಕುದ್ರತ್‌ಗೆ ಮದುವೆಯಾಗಿ ಏಳು ವರ್ಷ ಮಗುವಾಗಲಿಲ್ಲ. ಆ ಏಳು ವರ್ಷ ನಾನು ಸೊಸೆ ಓಯ್ನಿಸೊಳನ್ನು ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಕಡೆಗೂ ಈ ಜನವರಿಯಲ್ಲಿ ಗಂಡುಮಗು ಹುಟ್ಟಿತು. ತಿಲೋವ್ ಎಂದು ಹೆಸರಿಟ್ಟೆ; ಬೇಡಿ ಪಡೆದವನು ಎಂದರ್ಥ. ಕಾಲುಚೀಲದ ಕಾರ್ಖಾನೆಯನ್ನು ಆಳಿದವಳು ನಾನು, ಆ ಮೂರು ಕಿಲೋ ಮಗುವನ್ನು ನಿಂತು ಎತ್ತಿಕೊಳ್ಳಲು ಹೆದರಿ ಕೂತೇ ಎತ್ತಿಕೊಳ್ಳುತ್ತಿದ್ದೆ.

ಹುಟ್ಟಿದಂದಿನಿಂದ ನಲವತ್ತು ದಿನ ನಮ್ಮಲ್ಲಿ ಚಿಲ್ಲಾ. ಬಾಣಂತಿ, ಮಗು ಹೊಸ್ತಿಲು ದಾಟುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ, ಕೋಣೆಗೆ ಗಾಳಿ ಸೋಕುವಂತಿಲ್ಲ. ಎಲ್ಲರೂ ಮಾಡುವುದನ್ನೇ ನಾನು ಎರಡರಷ್ಟು ಮಾಡಿದೆ. ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಹೊಡೆಸಿದೆ, ಸಂದಿಗಳಿಗೆ ಹತ್ತಿ ತುರುಕಿದೆ, ಬಾಗಿಲ ಕೆಳಗೆ ಕಂಬಳಿ ಸುತ್ತಿಟ್ಟೆ. ಆ ಕೋಣೆಯ ಗೋಡೆಯಲ್ಲಿ ನಮ್ಮತ್ತೆಯ ಕಾಲದ ಒಂದು ಇದ್ದಿಲ ಒಲೆ ಇದೆ, ಇಪ್ಪತ್ತು ವರ್ಷದಿಂದ ಹಚ್ಚಿಲ್ಲ. ಒಂಬತ್ತನೆಯ ದಿನ ಹಿಮ ಬಿತ್ತು. ಒಲೆಯ ಬಾಯಿಗೆ ಕೈ ಹಿಡಿದರೆ ತಣ್ಣನೆ ಗಾಳಿ ಸುಯ್ಯೆಂದು ಬರುತ್ತಿದೆ!

"ಕುದ್ರತ್, ಏಣಿ ಹಾಕ್ಕೊಂಡು ಮೇಲೆ ಹತ್ತು. ಹಳೇ ಒಲೆಯ ಚಿಮಣಿಗೆ ಏನಾದ್ರೂ ತುರುಕಿ ಬಾ" ಎಂದೆ.

"ಏನು ತುರುಕ್ಲಿ, ಅಯಾ?" ಎಂದ. ಅಮ್ಮನನ್ನು ನಮ್ಮ ಕಡೆ ಹಾಗೇ ಕರೆಯುವುದು.

ನನ್ನ ಮದುವೆಯ ಕೆಂಪು ಕೌದಿ ಹರಿದು ಮೂಲೆಯಲ್ಲಿ ಬಿದ್ದಿತ್ತು. ಅದನ್ನೇ ಕೊಟ್ಟೆ. ಅವನು ಸುರುಳಿ ಸುತ್ತಿ, ಚಿಮಣಿಯೊಳಗೆ ತುರುಕಿ, ಕಾಲಿನಿಂದ ಒತ್ತಿ, ಇಳಿದು ಬಂದ. ಒಲೆಯ ಬಾಯಿಗೆ ನಾನೇ ಕೈಯಾರೆ ಮಣ್ಣು ಮೆತ್ತಿದೆ. ಗಾಳಿ ನಿಂತಿತು. ಎಂಥ ಜಾಣೆ ನಾನು ಎಂದು ಆ ದಿನವೆಲ್ಲ ಬೀಗಿದೆ.

ಮರುದಿನದಿಂದ ಬಾಯ್ಲರ್ ಆರತೊಡಗಿತು.

ಬಾಯ್ಲರ್ ಇರುವುದು ಬಾಣಂತಿ ಕೋಣೆಗೆ ತಗುಲಿದ ನಡುವಂಕಣದಲ್ಲಿ. ಎದೆಮಟ್ಟದ ಬಿಳಿ ತಗಡಿನ ಹಂಡೆ, ಕೆಳಗೆ ಒಂದು ಕಿಂಡಿ, ಕಿಂಡಿಯೊಳಗೆ ಕಿರುಬೆರಳಷ್ಟು ನೀಲಿ ದೀಪ. ಆ ದೀಪ ಇದ್ದರೆ ದೊಡ್ಡ ಉರಿ ಹೊತ್ತುತ್ತದೆ, ಅದು ಹೋದರೆ ಎಲ್ಲ ಹೋಯಿತು. ಹಚ್ಚಿದರೆ ಹತ್ತುತ್ತದೆ, ಕಾಲು ಗಂಟೆಯಲ್ಲಿ ಟಕ್ ಎಂದು ಆರುತ್ತದೆ. ಹೊರಗೆ ಮೈನಸ್ ಹನ್ನೆರಡು. ಎರಡು ದಿನ ನಾನು, ಕುದ್ರತ್ ಸರದಿಯ ಮೇಲೆ ಕಡ್ಡಿ ಗೀರಿದೆವು. ನಾಲ್ಕು ಬೆಂಕಿಪೊಟ್ಟಣ ಖಾಲಿಯಾಯಿತು. ಕರೆಂಟಿನ ಹೀಟರ್ ಹಾಕೋಣವೆಂದರೆ ಕರೆಂಟೇ ಇರುತ್ತಿರಲಿಲ್ಲ. ಮಗುವಿನ ಮೂಗಿನ ತುದಿ ಮುಟ್ಟಿದರೆ ತಣ್ಣಗಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ಹಮ್ದಮ್ ಉಸ್ತಾನನ್ನು ಕರೆಸಿದೆ. ಅವರ ಮನೆ ಎರಡೇ ಓಣಿ ಆಚೆ, ಬೇರೆಯವರು ಬರಲು ಸಂಜೆಯಾಗುತ್ತದೆ, ಅಷ್ಟಕ್ಕೇ ಕರೆಸಿದ್ದು. ನಡುವಂಕಣಕ್ಕೆ ಅಂಗಳದಿಂದ ಬೇರೆ ಬಾಗಿಲಿದೆ, ಅಲ್ಲಿಂದಲೇ ಬಿಟ್ಟುಕೊಂಡೆ.

"ಓಪಾ, ಹಚ್ಚುವಾಗ ಒತ್ತಿದ ಗುಂಡಿ ಬಿಟ್ಟ ತಕ್ಷಣ ಆರುತ್ತೋ, ಸ್ವಲ್ಪ ಹೊತ್ತು ಉರಿದು ಆರುತ್ತೋ?" ಎಂದರು. ನನಗಿಂತ ಚಿಕ್ಕವರು, ಅಕ್ಕ ಎಂದು ಕರೆಯುವುದು ಮರ್ಯಾದೆ.

"ಆರುತ್ತೆ. ಅಷ್ಟೇ. ಆರೋದ್ರಲ್ಲಿ ಎಷ್ಟು ಜಾತಿ ಇದೆಯಪ್ಪ?"

"ಎರಡಿದೆ. ತಕ್ಷಣ ಆರಿದ್ರೆ ದೀಪದ ಪಕ್ಕದ ತಾಮ್ರದ ಕಡ್ಡಿಗೆ ಬಿಸಿ ಹತ್ತಿಲ್ಲ ಅಂತ. ಉಜ್ಜಿ ಬಿಗಿ ಮಾಡಿದ್ರೆ ಸರಿಹೋಗುತ್ತೆ. ಉರಿದು ಆರಿದ್ರೆ ಬೇರೆ ಸಂಕಟ."

ಕಡ್ಡಿ ಬಿಚ್ಚಿದರು. ಕಪ್ಪು ಮಸಿ. ಮಸಿಯನ್ನು ಬೆರಳಲ್ಲಿ ಉಜ್ಜಿ ನೋಡಿ ಹುಬ್ಬು ಗಂಟಿಕ್ಕಿದರು, ಇದ್ದ ಒಂದೂವರೆ ಹುಬ್ಬನ್ನು. ಉಪ್ಪುಕಾಗದದಿಂದ ತಿಕ್ಕಿ, ಕೂರಿಸಿ, ಹಚ್ಚಿ, ಗಡಿಯಾರ ಇಟ್ಟು ಕೂತರು. ನಾನು ಚಹಾ ತಂದೆ, ಮುಟ್ಟಲಿಲ್ಲ. ಹದಿನಾರನೆಯ ನಿಮಿಷಕ್ಕೆ ಟಕ್. ಮತ್ತೆ ಹಚ್ಚಿ, ಬಾಯ್ಲರಿನ ನೆತ್ತಿಯ ಹೊಗೆಬಾಯಿಗೆ ಆ ಪುಟ್ಟ ಕನ್ನಡಿ ಹಿಡಿದರು. ಕನ್ನಡಿ ಮಬ್ಬಾಯಿತು.

"ನೋಡಿ ಓಪಾ, ಹೊಗೆ ವಾಪಸು ಬರ್ತಿದೆ. ಮೇಲೆ ದಾರಿ ಕಟ್ಟಿದೆ. ಏನಾದ್ರೂ ತುರುಕಿದ್ದೀರಾ?"

"ಬಾಯ್ಲರ್ ಕೊಳವೆಗಾ? ನನಗೇನು ಹುಚ್ಚಾ?" ಎಂದೆ. ದೇವರಾಣೆ, ಸುಳ್ಳು ಹೇಳಲಿಲ್ಲ. ನಾನು ತುರುಕಿಸಿದ್ದು ಹಳೆಯ ಒಲೆಯ ಚಿಮಣಿಗೆ. ಬಾಯ್ಲರಿನ ಕೊಳವೆ ಗೋಡೆಯೊಳಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಯಾವ ಹೆಂಗಸು ಯೋಚಿಸುತ್ತಾಳೆ? ಅದನ್ನು ಹಾಕಿಸಿದ ನನ್ನ ಗಂಡ ತೀರಿಕೊಂಡು ಎಂಟು ವರ್ಷವಾಯಿತು.

"ನಾನೊಂದ್ಸಲ ಮಾಳಿಗೆ ಹತ್ತಿ ನೋಡ್ತೀನಿ."

"ಏನಂದಿರಿ? ಒಳಗೆ ಬಾಣಂತಿ ಮಲಗಿದ್ದಾಳೆ. ಅವಳ ನೆತ್ತಿ ಮೇಲೆ ಹೊರಗಿನ ಗಂಡಸು ಓಡಾಡೋದಾ? ಚಿಲ್ಲಾ ಮುಗೀಲಿ, ಆಮೇಲೆ ಹತ್ತಿ ಕುಣೀರಿ."

"ಹಾಗಾದ್ರೆ ಮಗನ್ನ ಹತ್ತಿಸಿ."

"ಅವನು ಕೆಲಸಕ್ಕೆ ಹೋಗಿದ್ದಾನೆ. ನೋಡಿ ಉಸ್ತಾ, ಮಗು ನಡುಗ್ತಿದೆ. ಎಲ್ಲರ ಮನೇಲೂ ಕಟ್ಟಿರೋ ಹಾಗೆ ಒಂದು ತಂತಿ ಕಟ್ಟಿ ಹೋಗಿ. ನಲವತ್ತು ದಿನ ಕಳೀಲಿ, ಬಿಚ್ಚೋಣ."

"ಯೋಕ್."

"ಒಂದು ವಾರ?"

"ಯೋಕ್, ಓಪಾ. ಒಂದು ಗಂಟೇನೂ ಯೋಕ್. ಇದು ಕೆಟ್ಟಿಲ್ಲ. ಕಾವಲು ಕಾಯ್ತಿದೆ. ಕಾವಲುಗಾರ ಕೂಗ್ತಾನೆ ಅಂತ ಬಾಯಿಗೆ ಬಟ್ಟೆ ತುರುಕ್ತೀರಾ?"

ನನಗೆ ಎಲ್ಲಿತ್ತೋ ಸಿಟ್ಟು! "ನಿಮ್ಮ ಕನ್ನಡಿ ಎತ್ಕೊಂಡು ಹೋಗಿ, ಮನೇಲಿ ಕೂತು ಮುಖ ನೋಡ್ಕೊಳ್ಳಿ. ಕೆಲಸ ಬರದ ಗಂಡಸಿಗೆ ಕನ್ನಡಿ ಬೇರೆ ಕೇಡು" ಎಂದೆ. ಅವರು ಗ್ಯಾಸಿನ ನಲ್ಲಿ ತಿರುಗಿಸಿ ಬಂದ್ ಮಾಡಿದರು. "ಚಿಮಣಿ ನೋಡೋ ತನಕ ಹಚ್ಚಬೇಡಿ. ಅಲ್ಲೀವರೆಗೆ ಮಗೂನ, ಬಾಣಂತೀನ ನೆಂಟರ ಮನೆಗೆ ಕಳಿಸಿ" ಎಂದು ಚೀಲ ಹೆಗಲಿಗೆ ಹಾಕಿದರು. ಚಿಲ್ಲಾದಲ್ಲಿ ಬಾಣಂತಿಯನ್ನು ಮನೆಯಿಂದ ಹೊರಗೆ ಕಳಿಸಬೇಕಂತೆ! ಸೈಕಲ್ ಹಿಂದೆಯೇ ಬೀದಿಯ ತನಕ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ.

ಅದೇ ಸಂಜೆ ತುರ್ಸುನ್ ಎಂಬ ಮೇಸ್ತ್ರಿ ಬಂದ. ನಗುಮುಖ, ಚಿನ್ನದ ಹಲ್ಲು, ಬಂದವನೇ ಚಹಾ ಕುಡಿದ. ತುರ್ಸುನ್ ಎಂದರೆ ನಮ್ಮ ಮಾತಿನಲ್ಲಿ 'ನಿಲ್ಲಲಿ' ಎಂದು.

"ಖೋಲಾ, ನನ್ನ ಹೆಸರಲ್ಲೇ ಇದೆ. ನಾನು ಮುಟ್ಟಿದ್ದು ನಿಲ್ಲುತ್ತೆ" ಎಂದ, ಚಿಕ್ಕಮ್ಮ ಎಂದು ಕರೆದು. ಐದೇ ನಿಮಿಷ. ತಾಮ್ರದ ತುಂಡು ಸುತ್ತಿ, ಹಚ್ಚಿದ. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆ ಕಳೆಯಿತು, ದೀಪ ನಿಂತಿತು. ಅವನಿಗೆ ನಾನು ಬಾದಾಮಿ, ಒಣದ್ರಾಕ್ಷಿ ಕಟ್ಟಿಕೊಟ್ಟು ಕಳಿಸಿದೆ. ಯೋಕ್ ಉಸ್ತಾನಿಗೆ ಒಂದು ಲೋಟ ನೀರು ಕೂಡ ದಂಡ ಎಂದುಕೊಂಡೆ.

ಮನೆ ಬೆಚ್ಚಗಾಯಿತು. ಗಾಜಿನ ಮೇಲೆಲ್ಲ ನೀರು ಬೆವರುತ್ತಿತ್ತು, ಅದೂ ನನಗೆ ಖುಷಿಯೇ. ಎರಡನೆಯ ದಿನ ಓಯ್ನಿಸೊ ತಲೆನೋವು ಎಂದಳು.

"ಅಯಾ, ತಲೆ ಸಿಡೀತಿದೆ. ವಾಂತಿ ಬರೋ ಹಾಗಿದೆ. ಕಿಟಕಿ ಒಂಚೂರು ತೆಗೀಲಾ?"

"ತೆಗೆದ್ರೆ ಕೈ ಮುರೀತೀನಿ. ಏಳು ವರ್ಷಕ್ಕೆ ಒಂದು ಹೆತ್ತಿದ್ದೀಯ, ಗಾಳಿ ಸೋಕಿಸಿ ಕಳ್ಕೋಬೇಕಾ? ನಿನಗೆ ಯಾರದೋ ದೃಷ್ಟಿ ತಾಗಿದೆ" ಎಂದೆ. ಒಣಗಿದ ಇಸಿರಿಕ್ ಸೊಪ್ಪನ್ನು ಬಾಣಲೆಯಲ್ಲಿ ಸುಟ್ಟು ಕೋಣೆಗೆಲ್ಲ ಹೊಗೆ ಹಾಕಿದೆ. ಬಾಣಂತಿಯ ಮನೆಯಲ್ಲಿ ದೃಷ್ಟಿ ತೆಗೆಯಲು ನಾವು ಮಾಡುವುದು ಅದನ್ನೇ. ಬಾಗಿಲ ಕೆಳಗೆ ಇನ್ನೊಂದು ಕಂಬಳಿ ಇಟ್ಟೆ. ನನಗೂ ತಲೆ ಭಾರವಿತ್ತು. ವಯಸ್ಸು ಎಂದುಕೊಂಡೆ.

ಮಗುವಂತೂ ಎಷ್ಟು ಒಳ್ಳೆಯದಾಗಿ ಹೋಯಿತೆಂದರೆ! ಮೊದಲು ಗಂಟೆಗೊಮ್ಮೆ ಕಿರುಚುತ್ತಿದ್ದದ್ದು ಈಗ ಮಲಗಿದರೆ ಮಲಗಿತು.

ಹದಿನೈದನೆಯ ದಿನ ಬೆಳಿಗ್ಗೆ ರೊಟ್ಟಿ ಸುಡಲು ಪಕ್ಕದ ಮನೆ ಹನೀಫಾಳ ಅಂಗಳಕ್ಕೆ ಹೋದೆ. ನಮ್ಮ ಸಾಲಿನ ಐದಾರು ಮನೆಯವರು ಅವಳ ತಂದೂರಿನಲ್ಲೇ ಸುಡುವುದು. ಹಮ್ದಮ್ ಉಸ್ತಾನ ಹೆಂಡತಿ ರೊಬಿಯಾ ಕೂಡ ಹಿಟ್ಟು ತಟ್ಟುತ್ತ ಕೂತಿದ್ದಳು. ಅವಳಿಗೆ ಚುಚ್ಚಲೆಂದೇ ಗಟ್ಟಿಯಾಗಿ ಶುರು ಮಾಡಿದೆ.

"ಕೆಲವರು ಕನ್ನಡಿ ತೋರಿಸ್ತಾರೆ, ಕೆಲವರು ಕೆಲಸ ಮಾಡ್ತಾರೆ. ತುರ್ಸುನ್ ಬಂದ, ಐದು ನಿಮಿಷದಲ್ಲಿ ಕಟ್ಟಿದ. ಮನೆ ಹಮಾಮಿನ ಹಾಗಿದೆ!"

"ಮಗು ಹೇಗಿದೆ?" ಎಂದಳು ಹನೀಫಾ.

"ಅದರ ಬಗ್ಗೆ ಹೇಳ್ಲೇಬೇಡ. ಎಂಥ ಸಾಧು ಅಂತೀ! ಅಳೋದೇ ಇಲ್ಲ. ನಿನ್ನೆಯಿಂದ ಹಾಲಿಗೂ ಏಳ್ತಿಲ್ಲ, ನಾವೇ ಕೆನ್ನೆ ತಟ್ಟಬೇಕು. ತಟ್ಟಿದ್ರೂ ಕಣ್ಣು ಬಿಡಲ್ಲ, ರಾಜ! ಅವನ ತಾಯಿನೂ ಹಾಗೇ ಬಿದ್ಕೊಂಡಿದ್ದಾಳೆ."

ರೊಬಿಯಾಳ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೆಳಗೆ ಬಿತ್ತು. ಎದ್ದಳು, ತಲೆವಸ್ತ್ರ ಸರಿಮಾಡಿಕೊಳ್ಳದೆ ಓಡಿಹೋದಳು. "ನೋಡಿದ್ರಾ, ಹೊಟ್ಟೆಕಿಚ್ಚು" ಎಂದು ನಾನು ನಕ್ಕೆ. ಎಲ್ಲರೂ ನಕ್ಕರು.

ಈಗ ಆ ನಗು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ನಾನು ರೊಟ್ಟಿ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಕಾಲಿಡುವುದಕ್ಕೂ ಸೈಕಲ್ ಒಂದು ನನ್ನನ್ನು ತಳ್ಳಿಕೊಂಡೇ ಒಳಗೆ ನುಗ್ಗುವುದಕ್ಕೂ ಸರಿಹೋಯಿತು. ಹಮ್ದಮ್ ಉಸ್ತಾ. ಕೋಟಿಲ್ಲ, ಟೋಪಿಯಿಲ್ಲ. ಸೈಕಲನ್ನು ಬಿಸಾಡಿ ನಡುವಂಕಣಕ್ಕೆ ಹೋಗಿ ನಲ್ಲಿ ಮುಚ್ಚಿ, ಹಿಮ ಮೆತ್ತಿದ ಬೂಟಿನಲ್ಲೇ ಬಾಣಂತಿ ಕೋಣೆಯ ಬಾಗಿಲನ್ನು ಒದ್ದರು. ಬೂಟು! ನಮ್ಮಲ್ಲಿ ಪೊಲೀಸಿನವನೂ ಮನೆಯೊಳಗೆ ಬೂಟು ಬಿಚ್ಚುತ್ತಾನೆ. ನನ್ನ ಕಂಬಳಿಯ ಮೇಲೆ, ಬಾಣಂತಿಯ ಹಾಸಿಗೆಯ ಪಕ್ಕ, ಬೂಟು! ಎರಡೂ ಕೈಯಲ್ಲಿ ಕಿಟಕಿಯ ಪ್ಲಾಸ್ಟಿಕ್ ಹಾಳೆ ಪರ್ ಎಂದು ಹರಿದರು. ಚೌಕಟ್ಟು ಹಿಮಕ್ಕೆ ಬಿಗಿದಿತ್ತು, ಮೊಣಕೈಯಿಂದ ಗಾಜನ್ನೇ ಒಡೆದರು. ಆಮೇಲೆ ಬಗ್ಗಿ ಮಗುವನ್ನು ಬಟ್ಟೆಸಮೇತ ಬಾಚಿ ಎತ್ತಿಕೊಂಡು ಅಂಗಳಕ್ಕೆ ಓಡಿದರು. ಮೈನಸ್ ಹನ್ನೆರಡರ ಚಳಿಗೆ. ಹದಿನೈದು ದಿನದ ಮಗುವನ್ನು.

ನಾನು ಏನು ಮಾಡಿದೆ? ರೊಟ್ಟಿಬುಟ್ಟಿ ಬಿಸಾಡಿ ಅವರ ಮೇಲೆ ಬಿದ್ದೆ. ಬೆನ್ನಿಗೆ ಗುದ್ದಿದೆ. ಕೂದಲು ಹಿಡಿದು ಜಗ್ಗಿದೆ.

"ಬಿಡೋ ಹಾಳಾದೋನೇ! ಮಗೂನ ಕೊಲ್ತೀಯೇನೋ! ನಿನ್ನ ಮಗಳು ಸತ್ತಳು ಅಂತ ನನ್ನ ಮೊಮ್ಮಗನ್ನೂ ತಿಂತೀಯಾ? ನಿನ್ನ ಒಲೆ ನಂದಿಹೋಗ! ನಿನ್ನ ಮನೇಲಿ ದೀಪ ಹಚ್ಚೋರು ಇಲ್ಲದೆ ಹೋಗ್ಲಿ!"

ಒಲೆ ನಂದಿಹೋಗಲಿ ಎನ್ನುವುದಕ್ಕಿಂತ ದೊಡ್ಡ ಶಾಪ ನಮ್ಮಲ್ಲಿಲ್ಲ. ವಯಸ್ಸಾದ ಹೆಂಗಸು, ಅದೂ ಚಿಲ್ಲಾ ಮನೆಯಲ್ಲಿ ನಿಂತು ಅಂದರೆ ತಟ್ಟೇ ತಟ್ಟುತ್ತದೆ ಎನ್ನುತ್ತಾರೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಹಿಮದಲ್ಲಿ ಮಂಡಿಯೂರಿ, ಮಗುವನ್ನು ಎದೆಗೆ ಒತ್ತಿಕೊಂಡು ಅಂಗಾಲು ಉಜ್ಜುತ್ತಿದ್ದರು.

"ಅಳೋ! ಅಳೋ ಮರಿ! ವಿಷಗಾಳಿ ಕುಡಿದಿದ್ದೀಯ, ಅಳು!" ಎಂದು ಕೂಗುತ್ತಿದ್ದರು.

ತಿಲೋವ್‌ನ ತಲೆ ಅವರ ತೋಳಿನ ಮೇಲೆ ಜೋತುಬಿದ್ದಿತ್ತು. ಅದನ್ನು ಕಂಡು ನನ್ನ ಕೈ ಅವರ ಕೂದಲಲ್ಲೇ ನಿಂತುಹೋಯಿತು. ಚಳಿ ಇಷ್ಟು ಕಚ್ಚುತ್ತಿದೆ, ಗಲಾಟೆ ಇಷ್ಟಾಗುತ್ತಿದೆ, ಮಗು ಕಣ್ಣು ಬಿಡುತ್ತಿಲ್ಲ. ಹಿಂದಿನಿಂದ ದಡ್ ಎಂದು ಸದ್ದು. ಓಯ್ನಿಸೊ ಮಗುವಿಗಾಗಿ ಎದ್ದು ಬರಲು ಹೋಗಿ ಹೊಸ್ತಿಲ ಮೇಲೆ ಬೋರಲು ಬಿದ್ದಿದ್ದಳು. ಹನೀಫಾ ಮತ್ತು ಹೆಂಗಸರು ಓಡಿಬಂದು ಅವಳನ್ನು ಎಳೆದು ಹೊರಗೆ ತಂದರು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ, ನನ್ನ ಪಾಲಿಗೆ ಏಳು ವರ್ಷಕ್ಕಿಂತ ಉದ್ದ. ಆಮೇಲೆ ಮಗು ಮೊದಲು ಕೆಮ್ಮಿತು. ತುಟಿ ಸೊಟ್ಟ ಮಾಡಿತು. ಬೆಕ್ಕಿನ ಮರಿಯಂತೆ ಒಂದು ಸಣ್ಣ ಸ್ವರ ತೆಗೆಯಿತು.

ಅಷ್ಟಾದರೂ ನನ್ನ ಬಾಯಿ ನಿಂತಿತೇ? ಹನೀಫಾ ಮಗುವನ್ನು ಕೌದಿಯಲ್ಲಿ ಸುತ್ತಿ ಅವಳ ಮನೆಗೆ ಒಯ್ಯುತ್ತಿದ್ದಂತೆ ಮತ್ತೆ ಶುರು ಮಾಡಿದೆ.

"ಚಳಿಗೆ ತಂದು ಕೊಲ್ತಿದ್ದೆಯಲ್ಲೋ! ಎಲ್ಲೋ ವಿಷಗಾಳಿ? ಮೂಗಿಗೆ ವಾಸನೆ ಇದೆಯಾ? ಕಣ್ಣಿಗೆ ಕಾಣುತ್ತಾ? ತೋರಿಸು!"

ಆಗ ಹಮ್ದಮ್ ಉಸ್ತಾ ನನ್ನ ತೋಳು ಹಿಡಿದರು. ಪರಗಂಡಸು, ಎಲ್ಲರ ಎದುರಿಗೆ. ಎಳೆದುಕೊಂಡು ನಡುವಂಕಣಕ್ಕೆ ಹೋದರು. ಬೆಳಿಗ್ಗೆ ದೃಷ್ಟಿಗೆಂದು ನಾನು ಹಚ್ಚಿಟ್ಟ ಇಸಿರಿಕ್ ಬಾಣಲೆ ಮೂಲೆಯಲ್ಲಿ ಇನ್ನೂ ಹೊಗೆಯಾಡುತ್ತಿತ್ತು. ಅದನ್ನೆತ್ತಿ ನನ್ನ ಕೈಗೆ ಕೊಟ್ಟರು.

"ಹಿಡೀರಿ ಓಪಾ. ನನ್ನ ಕನ್ನಡಿ ಬೇಡ, ನಿಮ್ಮ ಹೊಗೇನೇ ನಂಬಿ. ಆ ಹೊಗೆಬಾಯಿಗೆ ಹಿಡೀರಿ. ದಾರಿ ಸರಿ ಇದ್ರೆ ಮೇಲಕ್ಕೆ ಎಳ್ಕೊಳ್ಳಬೇಕು."

ಹಿಡಿದೆ. ಹೊಗೆ ಒಂದೆಳೆಯೂ ಒಳಗೆ ಹೋಗಲಿಲ್ಲ. ಬಾಯ್ಲರಿನ ನೆತ್ತಿಗೆ ಬಡಿದು, ತಿರುಗಿ, ನನ್ನ ಮುಖಕ್ಕೇ ಬಂದು, ಸದ್ದಿಲ್ಲದೆ ಬಾಣಂತಿ ಕೋಣೆಯ ಬಾಗಿಲ ಕಡೆ ಹರಿಯಿತು. ತಾಯಿ ಮಗು ಮಲಗಿದ್ದ ಕಡೆ.

"ಮಾಳಿಗೆ ಮೇಲೆ ಏನು ತುರುಕಿದ್ದೀರಿ?" ಎಂದರು. ಈ ಸಲ ಕೂಗಿದರು.

"ಬಾಯ್ಲರಿಗೆ ಅಲ್ಲ... ಹಳೇ ಒಲೆಗೆ..." ಎಂದೆ.

"ಮಾಳಿಗೆ ಮೇಲೆ ಎಷ್ಟು ಚಿಮಣಿ ಇದೆ?"

ಒಂದೇ ಇತ್ತು. ಮೂವತ್ತೆಂಟು ವರ್ಷ ಆ ಮನೆಯಲ್ಲಿ ಬಾಳಿದ್ದೇನೆ, ಒಂದೇ ಚಿಮಣಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಲಿಲ್ಲ. ನನ್ನ ಗಂಡ ಬಾಯ್ಲರ್ ಹಾಕಿಸಿದಾಗ ಅದರ ಕೊಳವೆಯನ್ನು ಹಳೆಯ ಒಲೆಯ ಚಿಮಣಿಗೇ ಸೇರಿಸಿದ್ದ. ಸುದ್ದಿ ತಿಳಿದು ಓಡಿಬಂದ ಕುದ್ರತ್ ಏಣಿ ಹತ್ತಿದ. ನಾನು ಬಾಣಲೆ ಹಿಡಿದು ನಿಂತೇ ಇದ್ದೆ. ಮೇಲಿನಿಂದ ಅವನು ಕೌದಿ ಎಳೆದ ಸದ್ದು ಗೋಡೆಯೊಳಗೆ ಕೇಳಿಸಿತು. ಒಮ್ಮೆಲೇ ನನ್ನ ಮುಖದ ಮುಂದಿನ ಹೊಗೆಯೆಲ್ಲ ತಿರುಗಿ ಸರ್ರನೆ ಮೇಲಕ್ಕೆ ಹೋಯಿತು. ಬಾಣಲೆ ಕೆಳಗಿಟ್ಟು ಹೊರಗೆ ಹೋದೆ. ಅಂಗಳಕ್ಕೆ ಬಿದ್ದ ನನ್ನ ಮದುವೆ ಕೌದಿ ಕಪ್ಪಗೆ ಮಸಿ ಹಿಡಿದಿತ್ತು.

ತಾಯಿ ಮಗುವನ್ನು ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡರು. ಇಬ್ಬರಿಗೂ ಆಮ್ಲಜನಕ ಕೊಟ್ಟರು. ನನಗೆ ಮಗಳಾಗಬಹುದಾದ ವಯಸ್ಸಿನ ಡಾಕ್ಟರಮ್ಮ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಅಜ್ಜಿ, ಇನ್ನೊಂದು ಗಂಟೆ ತಡವಾಗಿದ್ರೆ ಎರಡು ಹೆಣ" ಎಂದು ಮುಖಕ್ಕೆ ಹೊಡೆದಂತೆ ಹೇಳಿದಳು. ಅಲ್ಲಿಂದಲೇ ತುರ್ಸುನ್‌ಗೆ ಫೋನ್ ಮಾಡಿದೆ. "ಖೋಲಾ, ಕಟ್ಟಿ ಅಂದಿದ್ದು ನೀವೇ ತಾನೆ?" ಎಂದ. ಎಷ್ಟು ಬೈದೆನೆಂದರೆ ಗಂಟಲು ಎರಡು ದಿನ ಕೂತುಹೋಯಿತು. ಆದರೆ ಆ ಹಾಳಾದವನು ಹೇಳಿದ್ದು ನಿಜ. ಕಟ್ಟು ಎಂದವಳು ನಾನೇ.

ನಲವತ್ತು ದಿನ ತುಂಬಿದ ಮೇಲೆ ಮಗುವನ್ನು ಮೊದಲ ಸಲ ಒಂದು ಮನೆಗೆ ಕರೆದುಕೊಂಡು ಹೋಗಬೇಕು. ಮೊದಲು ಕಾಲಿಡುವುದು ತವರಿಗೋ ಸೋದರಮಾವನ ಮನೆಗೋ. ನಾನು ಓಯ್ನಿಸೊಳ ತವರಿನವರ ಜೊತೆ ಜಗಳವಾಡಿ, ಮಗುವನ್ನೆತ್ತಿಕೊಂಡು ಹಮ್ದಮ್ ಉಸ್ತಾನ ಮನೆಗೆ ಹೋದೆ. ರೊಬಿಯಾ ಹಿಟ್ಟಿನ ಡಬ್ಬ ತಂದು ಮಗುವಿನ ಹಣೆಗೆ ಹಿಟ್ಟು ಹಚ್ಚಿದಳು, ತಲೆ ನೆರೆಯುವ ತನಕ ಬಾಳಲಿ ಎಂದು. ಅಡಿಗೆಮನೆಯಲ್ಲಿ ಅವಳ ಕೈ ಹಿಡಿದುಕೊಂಡೆ.

"ರೊಬಿಯಾ, ನಿಮ್ಮ ಮಗಳ ಹೆಸರೆತ್ತಿ ಶಾಪ ಹಾಕಿಬಿಟ್ಟೆ. ಹೊಟ್ಟೇಲಿ ಹುಟ್ಟಿದ್ದನ್ನ ಕಳ್ಕೊಂಡೋರಿಗೆ..."

"ಯಾವ ಮಗಳು?" ಎಂದಳು.

"ಬಾಯ್ಲರ್ ಗಾಳಿಗೆ ಸತ್ತಳಂತಲ್ಲ..."

ರೊಬಿಯಾ ಕೈ ಕಿತ್ತುಕೊಂಡಳು. ಆ ಮೆತ್ತಗಿನ ಹೆಂಗಸು ಅಷ್ಟು ಸಿಟ್ಟಾದದ್ದನ್ನು ನಾನು ಕಂಡೇ ಇರಲಿಲ್ಲ. "ನನಗೆ ಮಗಳೇ ಇಲ್ಲ, ಇನೊಬತ್ ಓಪಾ. ಮೂರು ಗಂಡುಮಕ್ಕಳು, ಮೂವರೂ ಗುಂಡುಕಲ್ಲಿನ ಹಾಗಿದ್ದಾರೆ. ನಮ್ಮನೇಲಿ ಯಾರೂ ಸತ್ತಿಲ್ಲ. ಒಬ್ಬ ಮನುಷ್ಯ ತನ್ನ ಕೆಲಸ ಸರಿಯಾಗಿ ಮಾಡಬೇಕಾದ್ರೆ ಅವನ ಮನೇಲಿ ಒಂದು ಹೆಣ ಬೀಳ್ಲೇಬೇಕಾ? ನಿಮ್ಮ ಮಗು ಸತ್ರೆ ಅವರಿಗೆ ಸಂಕಟ ಆಗಲ್ವಾ?"

ಅಷ್ಟು ವರ್ಷ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಿದ್ದೆನಲ್ಲ, ಆ ಸುಳ್ಳನ್ನು! ಹೊರಗೆ ಬಂದು ಮಗುವನ್ನು ಹಮ್ದಮ್ ಉಸ್ತಾನ ತೊಡೆಯ ಮೇಲಿಟ್ಟೆ. ಮಗು ಅವರ ಸುಟ್ಟ ಹುಬ್ಬು ನೋಡಿ ಕಿಟಾರನೆ ಕಿರುಚಿತು.

"ಉಸ್ತಾ, ನಾನು ಅಂದಿದ್ದನ್ನ ವಾಪಸು ತಗೋತೀನಿ. ನಿಮ್ಮ ಒಲೆ ನೂರು ಕಾಲ ಉರೀಲಿ. ಈ ಮುದುಕೀನ ಕ್ಷಮಿಸ್ತೀನಿ ಅಂತ ಒಂದು ಮಾತು ಹೇಳಿಬಿಡಿ" ಎಂದೆ. ಕಣ್ಣಲ್ಲಿ ನೀರಿತ್ತು. ಯಾರ ಮುಂದೆಯೂ ತಲೆ ತಗ್ಗಿಸದವಳು ನಾನು.

"ಯೋಕ್" ಎಂದರು.

"ಏನಂದಿರಿ?" ಎಂದೆ.

"ಯೋಕ್, ಓಪಾ. ಶಾಪ ಗೀಪ ನನಗೆ ತಟ್ಟಲ್ಲ, ಅದಕ್ಕೆ ಕ್ಷಮೆ ಏನು? ಆದ್ರೆ ನಿಮ್ಮ ಓಣೀಲಿ ಇನ್ನೂ ತಂತಿ ಕಟ್ಟಿದ ಮನೆಗಳಿವೆ. ನಾನು ಹೇಳಿದ್ರೆ ಯೋಕ್ ಉಸ್ತಾ ಬಂದ ಅಂತ ನಗ್ತಾರೆ. ನಿಮ್ಮ ಬಾಯಿ ದೊಡ್ಡದು. ಕೌದಿ ತುರುಕಿಸಿದ್ದು, ತಂತಿ ಕಟ್ಟಿಸಿದ್ದು, ಮಗು ಅಳಲ್ಲ ಅಂತ ಜಂಬ ಕೊಚ್ಚಿದ್ದು, ಎಲ್ಲ ಹೇಳಿ. ಒಂದನ್ನೂ ಬಿಡಬೇಡಿ. ಆಮೇಲೆ ಬನ್ನಿ, ಕ್ಷಮೆ ಮಾತಾಡೋಣ."

ಸಿಟ್ಟು ಬಂತು. ಬರದೆ ಇರುತ್ತದೆಯೇ? ಮನೆಗೆ ಹೋಗುತ್ತ ದಾರಿಯುದ್ದಕ್ಕೂ ಗೊಣಗಿದೆ. ಆದರೆ ಮರುದಿನ ಹನೀಫಾಳ ತಂದೂರಿನ ಮುಂದೆ ಕೂತು ಎಲ್ಲವನ್ನೂ ಹೇಳಿದೆ, ನನ್ನ ನಗುವನ್ನೂ ಸೇರಿಸಿ. ಹನೀಫಾ ರೊಟ್ಟಿ ಸೀಯುವುದನ್ನೂ ಮರೆತು ಕೇಳಿದಳು. ಸಂಜೆ ನೋಡಿದರೆ ಅವಳ ಬಾಗಿಲಲ್ಲಿ ಹಮ್ದಮ್ ಉಸ್ತಾನ ಸೈಕಲ್ ನಿಂತಿತ್ತು. ಅವಳ ಮನೆಯಲ್ಲೂ ತಂತಿ ಕಟ್ಟಿತ್ತಂತೆ, ಎರಡು ಚಳಿಗಾಲದಿಂದ.

ನಾನು ಹೋಗಿ, "ಹೇಳಿದೆ, ಉಸ್ತಾ" ಎಂದೆ.

"ಎಷ್ಟು ಜನ ನಕ್ಕರು?"

"ಇಬ್ಬರು."

"ಹಾಗಾದ್ರೆ ಇನ್ನೂ ಮುಗಿದಿಲ್ಲ" ಎಂದು ಸೈಕಲ್ ಹತ್ತಿದರು.

ಹೀಗೆ ಐದು ತಿಂಗಳಾಯಿತು. ಮದುವೆ ಮನೆಯಲ್ಲಿ ಹೇಳಿದೆ, ಸಾವಿನ ಮನೆಯಲ್ಲಿ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಕ್ಷಮೆ ಇನ್ನೂ ಸಿಕ್ಕಿಲ್ಲ. ಈಗ ನಿಮಗೆ ಹೇಳಿದ್ದೇನೆ. ನಿಮ್ಮ ಮನೆಯ ಬಾಯ್ಲರಿನ ನೆತ್ತಿಯ ಮೇಲೆ ತಾಮ್ರದ ತುಂಡೇನಾದರೂ ಸುತ್ತಿದೆಯೇ, ಹೋಗಿ ನೋಡಿ. ಆಮೇಲೆ ಬೇಕಾದರೆ ನನ್ನನ್ನು ನೋಡಿ ನಗಿ.

ತಿಲೋವ್ ಆಚೆ ಕೋಣೆಯಲ್ಲಿ ಕಿರುಚುತ್ತಿದ್ದಾನೆ. ಮೂರು ಮನೆ ಆಚೆಗೂ ಕೇಳಿಸುತ್ತದೆ, ಹನೀಫಾ ಗೋಡೆಯಾಚೆಯಿಂದ ಬೈಯುತ್ತಾಳೆ. ಓಯ್ನಿಸೊ ಜೋ ಜೋ ಎನ್ನುತ್ತ ಸುಮ್ಮನಿರಿಸಲು ನೋಡುತ್ತಿದ್ದಾಳೆ. "ಬಿಡೇ ಅವನ್ನ" ಎಂದು ಇಲ್ಲಿಂದಲೇ ಗದರಿದೆ. "ಬಾಯಿ ಮುಚ್ಚಿಸಬೇಡ. ಅಳಲಿ."